ಹೊಂಡದ ಮುಂದೆ ಮೂವರು

2021ರ ಮಳೆಗಾಲದ ಒಂದು ಮಂಗಳವಾರ, ಸಂತೇಬೆನ್ನೂರಿನ ಒಂದು ಮನೆಯ ಜಗಲಿಯ ಮೇಲೆ ಸೇರಿದ್ದ ಹಿರಿಯರು ಒಂದು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಅದು ಸುಳ್ಳು ಎಂದು ತೀರ್ಮಾನಿಸಿದರು. ಫೋಟೋದಲ್ಲಿ ಒಬ್ಬ ಗಂಡಸು, ಅವನ ಪಕ್ಕದಲ್ಲಿ ಒಬ್ಬ ಹೆಂಗಸು, ಅವನ ಹೆಗಲ ಮೇಲೆ ಒಂದು ಮಗು. ಮೂವರೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಒಟ್ಟಿಗೇ ನಿಂತಿದ್ದವರು.

ಈಚೆಗೆ ನಲ್ಲೂರಿನಲ್ಲಿ ಪರಿಚಿತರ ಮನೆಗೆ ಹೋಗಿದ್ದಾಗ ಆ ಮಳೆಗಾಲ ನೆನಪಾಯಿತು. ಎದುರಿನ ಗೋಡೆಯ ಮೇಲೆ ತೀರಿಹೋದ ಯಜಮಾನರ ಫೋಟೋ ಇತ್ತು. ಗಂಧದ ಹಾರ, ಕೆಳಗೆ ಆರಿದ ಊದುಬತ್ತಿ, ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ. ನಡುವಿನ ಪಟ್ಟೆ ಒಂದು ತುದಿಯಲ್ಲಿ ಸ್ವಲ್ಪ ಮುರಿದಿತ್ತು. ಆ ಮುರಿದ ತುದಿಯನ್ನು ನಾನು ಬಲ್ಲೆ.

"ಚೆನ್ನಾಗಿ ಬಂದೈತಲ್ರೀ ಅಪ್ಪಾರ ಫೋಟೋ?" ಎಂದರು ಮನೆಯವರು.

ಹೌದು ಎಂದೆ.

ಆ ಮಳೆಗಾಲದಲ್ಲಿ ನಾನು ಹೊನ್ನಾಳಿಯಲ್ಲಿದ್ದೆ. ಬಹಳ ವರ್ಷ ಜಿಲ್ಲಾ ಪತ್ರಿಕೆಯೊಂದಕ್ಕೆ ಅಲ್ಲಿಂದ ವರದಿ ಮಾಡುತ್ತಿದ್ದವಳು. ಲಾಕ್‌ಡೌನ್‌ನಲ್ಲಿ ಪತ್ರಿಕೆ ತಾಲ್ಲೂಕು ಪುಟವನ್ನು ನಿಲ್ಲಿಸಿತು. ಸದ್ಯಕ್ಕೆ ಸುದ್ದಿ ಕಳಿಸುವುದು ಬೇಡ ಎಂದು ಕಚೇರಿಯಿಂದ ಫೋನ್ ಬಂತು. ಬಸ್ ನಿಲ್ದಾಣದ ಹಿಂದೆ ನನ್ನ ಬಾಡಿಗೆ ಮನೆ. ಕೆಳಗಡೆ ಹಾಲೇಶಪ್ಪನ ಫೋಟೋ ಸ್ಟುಡಿಯೋ. ಪತ್ರಿಕೆಗೆ ಚಿತ್ರ ಕಳಿಸಲು ವರ್ಷಗಟ್ಟಲೆ ಅಲ್ಲಿಗೇ ಇಳಿದು ಹೋಗುತ್ತಿದ್ದೆ. ಕೆಲಸ ಇಲ್ಲವಾದ ಮೇಲೂ ಇಳಿದು ಹೋಗುವುದು ನಿಲ್ಲಲಿಲ್ಲ.

ಆ ವರ್ಷ ಮದುವೆಯ ಆರ್ಡರ್‌ಗಳು ಇರಲಿಲ್ಲ. ಆದರೂ ಸ್ಟುಡಿಯೋದ ಮುಂದೆ ಚಪ್ಪಲಿಗಳು ತುಂಬಿರುತ್ತಿದ್ದವು. ಬಂದವರ ಕೈಯಲ್ಲಿ ಸತ್ತವರ ಆಧಾರ್ ಕಾರ್ಡು, ವೋಟರ್ ಕಾರ್ಡು, ಯಾರದೋ ಗೃಹಪ್ರವೇಶದ ಗುಂಪಿನಲ್ಲಿ ಅರ್ಧ ಕಾಣುವ ಒಂದು ಮುಖ. ಆ ಮುಖವನ್ನು ಕತ್ತರಿಸಿ, ದೇಹ ಕೊಟ್ಟು, ಬದುಕಿರುವವರ ಪಕ್ಕ ನಿಲ್ಲಿಸಬೇಕು. ಊರಲ್ಲಿ ಇದಕ್ಕೆ 'ಕೂಡ್ಸೋದು' ಎನ್ನುತ್ತಿದ್ದರು. ಹಾಲೇಶಪ್ಪ ಒಬ್ಬನಿಗೇ ಆಗುತ್ತಿರಲಿಲ್ಲ.

"ಸುಮ್ನೆ ಕುಂತು ಮಳೆ ನೋಡೋ ಬದ್ಲು ಈ ಮೌಸ್ ಹಿಡೀರಿ ಮೇಡಂ" ಎಂದ.

ನಾನು ನಮ್ಮ ಪತ್ರಿಕೆಯ ನಿಯಮ ಹೇಳಿದೆ. ಚಿತ್ರದ ಅಂಚು ಕತ್ತರಿಸಬಹುದು, ಬೆಳಕು ಹೆಚ್ಚು ಕಡಿಮೆ ಮಾಡಬಹುದು; ಇದ್ದವರನ್ನು ತೆಗೆಯುವಂತಿಲ್ಲ, ಇಲ್ಲದವರನ್ನು ಸೇರಿಸುವಂತಿಲ್ಲ.

"ನಿಮ್ಮ ಪೇಪರ್‌ನಾಗೆ ಸತ್ತೋರು ಸತ್ತೋರಾಗೇ ಇರ್ತಾರೆ ಮೇಡಂ. ಇಲ್ಲಿ ಹಂಗೆ ಅಂದ್ರೆ ಗಿರಾಕಿ ಎದ್ದು ಹೋಗ್ತಾರೆ."

ಹೀಗೆ ಕಲಿಯಲು ಕುಳಿತೆ. ಮುಖವನ್ನು ಪರದೆಯ ಮೇಲೆ ಹಿಗ್ಗಿಸುತ್ತ ಹೋದರೆ ಅದು ಮುಖವಾಗಿ ಉಳಿಯುವುದಿಲ್ಲ, ಬಣ್ಣದ ಚೌಕಗಳಾಗುತ್ತದೆ. ಆ ಚೌಕಗಳ ಅಂಚಿನಲ್ಲಿ ಚುಕ್ಕಿಯ ಪಕ್ಕ ಚುಕ್ಕಿ ಇಟ್ಟು ಕಿವಿ, ಗಲ್ಲ, ಭುಜ ಸುತ್ತಿ ಬರಬೇಕು. ಕೂದಲಿಗೆ ಬೇರೆ ಉಪಾಯ. ಕತ್ತರಿಸಿದ ಅಂಚನ್ನು ತುಸು ಮೆತ್ತಗೆ ಮಾಡಬೇಕು. ಹೆಚ್ಚಾದರೆ ಮನುಷ್ಯ ಹೊಗೆಯಂತೆ ಕಾಣುತ್ತಾನೆ, ಕಡಿಮೆಯಾದರೆ ರಟ್ಟಿನಂತೆ. ಆಮೇಲೆ ಬಣ್ಣ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮುಖ ನೀಲಿ, ಬಲ್ಬಿನ ಕೆಳಗಿನದು ಹಳದಿ. ಎರಡನ್ನೂ ಒಂದೇ ಹಗಲಿಗೆ ತರಬೇಕು. ಕೊನೆಗೆ ಇಡೀ ಚಿತ್ರದ ಮೇಲೆ ಮರಳಿನಂಥ ಸಣ್ಣ ಚುಕ್ಕಿಗಳ ತರಿ ಒಂದಿಷ್ಟು ಉದುರಿಸಿದರೆ ಎಲ್ಲವೂ ಒಂದೇ ಕ್ಯಾಮೆರಾದಲ್ಲಿ ಬಂದಂತಾಗುತ್ತದೆ.

"ಮುಖ ಆಮ್ಯಾಲೆ ನೋಡ್ರಿ" ಎನ್ನುತ್ತಿದ್ದ ಹಾಲೇಶಪ್ಪ. "ಮೊದ್ಲು ನೆರಳು ಎತ್ಲಾಗೆ ಬಿದ್ದೈತೆ ನೋಡ್ರಿ. ಮುಖ ಯಾರು ಬೇಕಾದ್ರೂ ಅಂಟಿಸ್ತಾರೆ. ನೆರಳು ಅಂಟಿಸಾಕೆ ಬರಬೇಕು."

ನೆರಳೇ ಕಷ್ಟವಾಗಿತ್ತು. ಆ ಆಷಾಢದಲ್ಲಿ ಹೊನ್ನಾಳಿಯ ಮೇಲೆ ಮೋಡ ಕದಲಲಿಲ್ಲ. ಹೊಳೆ ತುಂಬಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಪ್ರಿಂಟುಗಳು ಒಣಗುತ್ತಿರಲಿಲ್ಲ, ಲ್ಯಾಮಿನೇಷನ್ನಿನ ಒಳಗೇ ತೇವ ಕೂರುತ್ತಿತ್ತು. ಕರೆಂಟು ಹೋದಾಗಲೆಲ್ಲ ಯುಪಿಎಸ್ ಕಿರುಚುತ್ತಿತ್ತು. ಹೊನ್ನಾಳಿ, ನ್ಯಾಮತಿ ಕಡೆಯವರು ತರುವ ಫೋಟೋಗಳಲ್ಲಿ ಬೆಳಕು ಮೃದು, ನೆರಳೇ ಇಲ್ಲ. ಮಳೆ ಕಡಿಮೆಯ ಜಗಳೂರು ಕಡೆಯಿಂದ ಬರುವ ಮುಖಗಳಲ್ಲಿ ಬಿಸಿಲಿನ ನೆರಳು ಹುಬ್ಬಿನ ಕೆಳಗೆ ಕಪ್ಪಗೆ ಬಿದ್ದಿರುತ್ತಿತ್ತು. ಜಗಳೂರಿನ ಅಜ್ಜಿಯನ್ನು ನ್ಯಾಮತಿಯ ಮೊಮ್ಮಗನ ಪಕ್ಕ ಕೂರಿಸಿದರೆ, ಒಂದೇ ಬೆಂಚಿನ ಮೇಲೆ ಒಬ್ಬರಿಗೆ ಬಿಸಿಲು, ಒಬ್ಬರಿಗೆ ಮೋಡ.

ತಪ್ಪುಗಳೂ ಆದವು. ನ್ಯಾಮತಿಯ ಹೆಂಗಸೊಬ್ಬಳು ಮಗಳ ಮದುವೆಯ ಫೋಟೋದಲ್ಲಿ ತನ್ನ ತಂದೆಯನ್ನು ನಿಲ್ಲಿಸಲು ಹೇಳಿದ್ದಳು. ನಿಲ್ಲಿಸಿದೆವು. ಅವಳು ಬಹಳ ಹೊತ್ತು ನೋಡಿ, "ಎಲ್ಲಾ ಸರಿ ಐತ್ರೀ. ಆದ್ರೆ ಅಪ್ಪ ಧಾರೆ ಮಂಟಪದಾಗೆ ಚಪ್ಪಲಿ ಹಾಕ್ಕೊಂಡು ನಿಂತಾರಲ್ರೀ" ಎಂದಳು. ಚಪ್ಪಲಿ ತೆಗೆದರೆ ಕೆಳಗೆ ಪಾದವಿಲ್ಲ. ಹಾಲೇಶಪ್ಪ ಪಂಚೆ ಉಟ್ಟು ಬರಿಗಾಲಲ್ಲಿ ನಿಂತ. ನಾನು ಅವನ ಪಾದಗಳ ಫೋಟೋ ತೆಗೆದೆ. ಆಮೇಲೆ ಅವನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ: "ಈ ತಾಲ್ಲೂಕಿನಾಗೆ ನನ್ನ ಕಾಲು ನಿಲ್ಲದ ಮದುವೆ ಇಲ್ರೀ."

ಅವನ ಕಂಪ್ಯೂಟರಿನಲ್ಲಿ ಇನ್ನೆರಡು ಸಿದ್ಧ ವಸ್ತುಗಳಿದ್ದವು. ಒಂದು ಕಾಲರ್ ಇರುವ ಬಿಳಿ ಅಂಗಿ. ಇನ್ನೊಂದು ವಿಭೂತಿಯ ಮೂರು ಪಟ್ಟೆ. ಯಾವುದೋ ಹಳೆಯ ಫೋಟೋದಿಂದ ಎತ್ತಿದ್ದು, ಎತ್ತುವಾಗ ನಡುವಿನ ಪಟ್ಟೆಯ ತುದಿ ಮುರಿದಿತ್ತು. ತೀರಿಹೋದ ಗಂಡಸರ ಫೋಟೋ ಬಂತೆಂದರೆ, ವಿಭೂತಿ ಹಚ್ಚುವ ಮನೆಯವರಾದರೆ, ಕೇಳುವ ಮೊದಲೇ ಎರಡನ್ನೂ ಹಾಕಿಬಿಡುತ್ತಿದ್ದ. ಬನಿಯನ್ನಿನಲ್ಲಿ, ಟವೆಲ್ಲಿನಲ್ಲಿ ಇರುವವರನ್ನು ಗೋಡೆಗೆ ಹಾಕಲು ಯಾರೂ ಇಷ್ಟಪಡುವುದಿಲ್ಲ.

"ಸತ್ತೋರನ್ನ ಬರೀ ಹಣ್ಯಾಗೆ ಕಳಿಸಬಾರದು ಮೇಡಂ" ಎನ್ನುತ್ತಿದ್ದ.

ಶ್ರಾವಣದ ಹೊತ್ತಿಗೆ ನನ್ನ ಕೈ ಪಳಗಿತು. ಇಂದು ಕೂಡಿಸಿದ್ದರ ಅಂಚು ನಾಳೆ ನನಗೇ ಸಿಗುತ್ತಿರಲಿಲ್ಲ. ಅದರ ಜೊತೆಗೆ ಇನ್ನೊಂದು ಅಭ್ಯಾಸ ಅಂಟಿಕೊಂಡಿತು: ಯಾವ ಫೋಟೋ ನೋಡಿದರೂ, ನನ್ನ ಮನೆಯದೇ ಆಗಲಿ, ಮೊದಲು ಅಂಚು ಹುಡುಕುವುದು. ಊರೂರಿಗೆ ಹಾಲೇಶಪ್ಪನ ಹೆಸರು ಹಬ್ಬಿತ್ತು. ಸಂತೇಬೆನ್ನೂರು, ಚನ್ನಗಿರಿ ಕಡೆಯಿಂದಲೂ ಬರುತ್ತಿದ್ದರು.

ತಿಪ್ಪಮ್ಮ ಬಂದದ್ದು ಆಗ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ, ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಗಂಡ ಮಹೇಶ ಸಂತೇಬೆನ್ನೂರಿನವನು. ಮೆಕ್ಕೆಜೋಳ ಬಿಡಿಸುವ ಮಿಷಿನ್ ತೆಗೆದುಕೊಂಡು ಪ್ರತಿ ಸುಗ್ಗಿಗೆ ಅವಳ ಊರಿನ ಕಡೆ ಬರುತ್ತಿದ್ದ. ಅಲ್ಲೇ, ಅವಳ ಮನೆಯ ಅಂಗಳದಲ್ಲಿ, ಅವಳ ಕಡೆಯ ಹಿರಿಯರ ಮುಂದೆ ತಾಳಿ ಕಟ್ಟಿದ. ಫೋಟೋ ತೆಗೆಸಿರಲಿಲ್ಲ. ತನ್ನ ಮನೆಗೆ ಹೇಳಿರಲಿಲ್ಲ. ಎರಡನೇ ಅಲೆಯಲ್ಲಿ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಫೋನು ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಮಹೇಶನ ಅಣ್ಣ ಪರಮೇಶಪ್ಪ, ತನ್ನ ತಮ್ಮನಿಗೆ ಮದುವೆಯೇ ಆಗಿರಲಿಲ್ಲ ಎನ್ನುತ್ತಿದ್ದ. ಮಗುವಿನ ಜನನ ಪತ್ರದಲ್ಲಿ ತಂದೆ 'ಮಹೇಶ' ಎಂದಷ್ಟೇ ಇತ್ತು. ಆ ಹೆಸರಿನವರು ಊರಿಗೆ ಹತ್ತು ಜನ ಎಂದನಂತೆ. ಮನೆಯ ವಂಶವೃಕ್ಷದಲ್ಲಿ ಮಗಳ ಹೆಸರು ಸೇರಬೇಕಾದರೆ ಅವನ ಕಡೆಯವರು ಒಪ್ಪಿ ಸಹಿ ಹಾಕಬೇಕಿತ್ತು. ಅವನ ಕಡೆಯ ಹಿರಿಯರು ಒಂದು ಮಾತು ಕೊಟ್ಟಿದ್ದರು: ಇಬ್ಬರೂ ಒಟ್ಟಿಗಿದ್ದ ಗುರುತು ಏನಾದರೂ ಇದ್ದರೆ ತಾ, ನೋಡುತ್ತೇವೆ.

"ಜಮೀನು ಬ್ಯಾಡ್ರಿ ಅಕ್ಕಾರೆ" ಎಂದಳು ತಿಪ್ಪಮ್ಮ. "ಈ ಕೂಸಿಗೆ ಒಬ್ಬ ಅಪ್ಪ ಇದ್ದ ಅಂತ ಬರ್ಕೊಟ್ರೆ ಸಾಕು. ನಾಳೆ ಸಾಲಿಗೆ ಹಾಕ್ಬೇಕಲ್ರೀ."

ಗುರುತು ಅವಳ ಫೋನಿನಲ್ಲಿತ್ತು. ಒಂದೇ ಒಂದು ಫೋಟೋ. ಹಿಂದಿನ ಸುಗ್ಗಿ ಮುಗಿದಾಗ ಮಹೇಶ ಅವಳನ್ನೂ ಮಗುವನ್ನೂ ಸಂತೇಬೆನ್ನೂರಿಗೆ ಕರೆದೊಯ್ದು, ನಡುವೆ ಮಂಟಪವಿರುವ ಅಲ್ಲಿನ ಹಳೆಯ ಪುಷ್ಕರಣಿಯಾದ ಹೊಂಡವನ್ನು ತೋರಿಸಿದ್ದ. ಮನೆ ಅಲ್ಲಿಂದ ಮೂರು ಬೀದಿ ಆಚೆ. ಮನೆಗೆ ಇನ್ನೊಂದು ಸಲ ಹೋಗೋಣ ಎಂದಿದ್ದನಂತೆ. ಹೊಂಡ ನೋಡಲು ಬಂದಿದ್ದ ಯಾರೋ ಅಪರಿಚಿತರು ಮೆಟ್ಟಿಲ ಮೇಲೆ ಮೂವರನ್ನೂ ನಿಲ್ಲಿಸಿ ತೆಗೆದುಕೊಟ್ಟರು. ಮಹೇಶ ಮಾಸಿದ ನೀಲಿ ಅಂಗಿಯಲ್ಲಿದ್ದ, ಹಣೆ ಬರಿದು, ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿತ್ತು. ಹೆಗಲ ಮೇಲಿನ ಮಗು ಅವನ ತಲೆಗೂದಲು ಹಿಡಿದಿತ್ತು. ನಾನು ಅಭ್ಯಾಸದಂತೆ ಅಂಚು ಹುಡುಕಿದೆ. ಇರಲಿಲ್ಲ. ಮೂವರ ನೆರಳು ಮೆಟ್ಟಿಲ ಮೇಲೆ ಒಂದಾಗಿ ಬಿದ್ದಿತ್ತು. ಬಿಸಿಲಿನಲ್ಲಿ ಅವಳ ಸೀರೆಯ ಕೆಂಪಿನ ಛಾಯೆ ಅವನ ತೋಳಿಗೆ ತುಸು ತಗುಲಿತ್ತು. ಆ ಮಳೆಗಾಲದಲ್ಲಿ ಆ ಮೇಜಿನ ಮೇಲೆ ನಾನು ಕಂಡ, ಯಾರೂ ಕೂಡಿಸದ ಮೊದಲ ಕುಟುಂಬ ಅದು.

"ಇದನ್ನ ದೊಡ್ಡದು ಮಾಡಿಕೊಟ್ರೆ ಸಾಕು" ಎಂದಳು. ಹಾಲೇಶಪ್ಪ ತಲೆಯಾಡಿಸಿದ. ಮುಂದಿನ ಎರಡು ದಿನ ನಾನು ಫ್ರೇಮುಗಳನ್ನು ಮುಟ್ಟಿಸಲು ನ್ಯಾಮತಿಗೆ ಹೋಗಿಬಂದೆ. ಮಂಗಳವಾರ ಅವಳು ಬಂದು, ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟಿದ್ದ ಪ್ರಿಂಟನ್ನು ಬಿಚ್ಚಿ ನೋಡದೆ ಕಂಕುಳಲ್ಲಿ ಹಿಡಿದು, "ನೀವೂ ಬರ್ರಿ ಅಕ್ಕಾರೆ, ಪೇಪರ್‌ನೋರು ಅಂದ್ರೆ ಕೇಳ್ತಾರೆ" ಎಂದಳು. ಸಂತೇಬೆನ್ನೂರಿಗೆ, ಪರಮೇಶಪ್ಪನ ಮನೆಗೆ ಹೋದೆ.

ಪರಮೇಶಪ್ಪ ಒರಟ ಅಲ್ಲ. ನಮಗೆ ಚಾಪೆ ಹಾಸಿಸಿದ. ಚಹಾ ಬಂತು, ನನಗೆ ಸ್ಟೀಲ್ ಲೋಟದಲ್ಲಿ, ತಿಪ್ಪಮ್ಮನಿಗೆ ಪೇಪರ್ ಕಪ್ಪಿನಲ್ಲಿ. ಜಾತಿಯ ಮಾತನ್ನು ಆ ಮಧ್ಯಾಹ್ನ ಯಾರೂ ಎತ್ತಲಿಲ್ಲ.

ಅವಳು ಸುತ್ತಿದ ಪೇಪರ್ ಬಿಚ್ಚಿದಳು. ಹೊಂಡದ ಮುಂದೆ ಮಹೇಶ ಗರಿಗರಿಯಾದ ಬಿಳಿ ಅಂಗಿಯಲ್ಲಿ ನಿಂತಿದ್ದ. ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ.

ಫೋಟೋ ಮೊದಲು ಸಿಕ್ಕಿದ್ದು ರುದ್ರಪ್ಪಜ್ಜನ ಕೈಗೆ. ಅವರೇ ಅಲ್ಲಿ ಎಲ್ಲರಿಗಿಂತ ಹಿರಿಯರು. ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಏಯ್, ಇದು ನಮ್ಮಪ್ಪನ ಅಂಗಿ ಅಲ್ಲೇನೋ!"

ಎಲ್ಲರೂ ನಕ್ಕರು.

"ನಗಬ್ಯಾಡ್ರೋ. ನಮ್ಮಪ್ಪ ಹುಟ್ಟಿದಾಗಿಂದ ಸಾಯೋತನಕ ಕಾಲರ್ ಅಂಗಿ ಹಾಕ್ದೋನಲ್ಲ. ಈ ವರ್ಷ ಹೊನ್ನಾಳಿ ಹಾಲೇಶಪ್ಪ ಹಾಕ್ಸಿದ. ಅದೇ ಅಂಗಿ. ವಿಭೂತೀನೂ ಅದೇ, ನೋಡ್ರಿ, ನಡುವಿಂದು ಮುರದೈತೆ."

ಅವರ ಮನೆ ಪಕ್ಕದಲ್ಲೇ. ಅವರಪ್ಪನ ಫೋಟೋ ತರಿಸಿ ಜೊತೆಗಿಟ್ಟರು. ಅಂಗಿಯ ಕಾಲರಿನ ಮಡಿಕೆ, ಪಟ್ಟೆಯ ಮುರಿದ ತುದಿ ಎರಡರಲ್ಲೂ ಒಂದೇ.

ತಿಪ್ಪಮ್ಮ ಫೋನ್ ತೆಗೆದು ಚಾಚಿದಳು. "ಅದು ಬಿಡ್ರಿ, ಇದು ನೋಡ್ರಿ ಅಜ್ಜಾರೆ. ಇದು ಮೊದ್ಲಿಂದು. ಅಂಗಿ ಅವ್ರು ಹಾಕ್ಯಾರೆ, ನಾ ಹೇಳಿರಲಿಲ್ಲ."

"ಮೊದ್ಲಿಂದು ಯಾವುದಮ್ಮ?" ಎಂದ ಪರಮೇಶಪ್ಪ, ದನಿ ಏರಿಸದೆ. "ಇದ್ರಾಗೆ ನೀಲಿ ಅಂಗಿ, ಅದ್ರಾಗೆ ಬಿಳೀದು. ನಾಳೆ ಇನ್ನೊಂದು ಅಂಗಿ ತಂದ್ರೆ ಅದನ್ನೂ ನಂಬಬೇಕಾ? ಹೊಂಡದ ಫೋಟೋ ಯಾರ ಹತ್ರ ಇಲ್ಲ? ಅದ್ರ ಮುಂದೆ ಯಾರನ್ನ ಬೇಕಾದ್ರೂ ನಿಲ್ಲಿಸ್ಬೋದು."

ಒಬ್ಬರು ಫೋನಿನಲ್ಲಿ ಫೋಟೋದ ವಿವರ ತೆಗೆದು ನೋಡಿದರು. ಅದು ತೋರಿಸಿದ ತಾರೀಖು ಮಹೇಶ ಸತ್ತ ಮೇಲಿನದು. ಹಳೆಯ ಫೋನ್ ಒಡೆದಿತ್ತು, ಜಗಳೂರಿನ ಅಂಗಡಿಯಲ್ಲಿ ಹೊಸದಕ್ಕೆ ಹಾಕಿಸಿದ್ದು ಆವತ್ತು ಎಂದಳು ತಿಪ್ಪಮ್ಮ. ಹಾಗೆ ಹಾಕಿಸುವಾಗ ತಾರೀಖು ಬದಲಾಗುವುದುಂಟು ಎಂದು ನಾನೂ ಹೇಳಿದೆ.

ಮಗು ಮುಂದೆ ಬಗ್ಗಿ ಪ್ರಿಂಟಿನ ಮೇಲೆ ಬೆರಳಿಟ್ಟು "ಅಪ್ಪ" ಎಂದಿತು.

"ಫೋಟೋ ತೋರ್ಸಿ ಕಲ್ಸಿರ್ತಾರೆ" ಎಂದರು ಯಾರೋ.

ನಾನು ಫೋನ್ ತೆಗೆದುಕೊಂಡು ರುದ್ರಪ್ಪಜ್ಜನಿಗೆ ಒಂದೊಂದಾಗಿ ತೋರಿಸಿದೆ. ಮೂವರ ನೆರಳು ಒಂದೇ ಕಡೆ ಬಿದ್ದಿದೆ. ಮಗುವಿನ ಕಾಲಿನ ನೆರಳು ಅವನ ಎದೆಯ ಮೇಲಿದೆ. ಸೀರೆಯ ಕೆಂಪು ತೋಳಿಗೆ ತಗುಲಿದೆ. ಕೂಡಿಸಿದ ಫೋಟೋದಲ್ಲಿ ಇದೆಲ್ಲ ಇರುವುದಿಲ್ಲ ಎಂದೆ.

ಅವರು ನಿಜವಾದ ಕುತೂಹಲದಿಂದ ಕೇಳಿಸಿಕೊಂಡರು. "ಇದೆಲ್ಲ ನೀವು ಹಾಲೇಶಪ್ಪನ ಹತ್ರ ಕಲ್ತಿದ್ದೇನ್ ತಾಯಿ?"

"ಹೌದು ಅಜ್ಜಾರೆ."

"ಕೂಡ್ಸಾಕೆ ತಾನೇ ಕಲ್ತಿದ್ದು? ನೆರಳು ಹೆಂಗೆ ಬೀಳಬೇಕು, ಬಣ್ಣ ಹೆಂಗೆ ತಗಲಬೇಕು ಅಂತ?"

"ಹೌದು."

"ಮತ್ತೆ?" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಫೋನನ್ನು ತಿಪ್ಪಮ್ಮನ ಕೈಗೆ ಕೊಟ್ಟೆ.

ತಾಳಿ ಕಟ್ಟಿದಾಗ ನಮ್ಮವರೆಲ್ಲ ಇದ್ದರು, ಕರೆಸಿ ಕೇಳಿ ಎಂದಳು ತಿಪ್ಪಮ್ಮ. ನಿಮ್ಮೋರು ನಿನ್ನ ಪರವಾಗಿ ಹೇಳದೆ ಇನ್ನೇನು ಹೇಳ್ತಾರಮ್ಮ ಎಂದರು ಹಿರಿಯರಲ್ಲೊಬ್ಬರು. ಮಳೆ ಶುರುವಾಯಿತು. ಒಬ್ಬೊಬ್ಬರೇ ಎದ್ದರು. ಪ್ರಿಂಟನ್ನು ಅವಳು ಸುತ್ತಿಕೊಳ್ಳಲು ಹೋದಾಗ ಪರಮೇಶಪ್ಪ, "ಅದು ಇಲ್ಲೇ ಇರ್ಲಿ. ಇನ್ನೆಲ್ಲೂ ತೋರ್ಸೋದು ಬ್ಯಾಡ" ಎಂದು ಒಳಗೆ ತೆಗೆದುಕೊಂಡು ಹೋದ.

ಬಸ್ಸಿಗೆ ಕಾಯುತ್ತ ನಿಂತಾಗ ಅವಳು ಒಂದೇ ಮಾತು ಕೇಳಿದಳು.

"ಹಣೆ ಮ್ಯಾಲೆ ಅದನ್ನ ಯಾಕೆ ಹಚ್ಚಿದ್ರು ಅಕ್ಕಾರೆ?"

ತೀರಿಹೋದವರಿಗೆಲ್ಲ ಹಾಗೆ ಮಾಡುವುದು ರೂಢಿ ಎಂದೆ.

"ಅವ್ರು ಹಚ್ತಿರಲಿಲ್ಲ. ಮಿಷಿನ್ ಮುಂದೆ ಬೆವರು ಹೆಚ್ಚು, ಬೂದಿ ಕಣ್ಣಿಗೆ ಇಳೀತೈತೆ ಅಂತಿದ್ರು."

ಹಾಲೇಶಪ್ಪನಿಗೆ ಹೇಳಿದಾಗ ಅವನು ಕುರ್ಚಿಯಿಂದ ಎದ್ದ, ಮತ್ತೆ ಕುಳಿತ. ದೊಡ್ಡದು ಮಾಡುವಾಗ ಹಣೆ ಬರಿದಾಗಿ ಕಂಡಿತಂತೆ. ಕೈ ತಾನಾಗಿಯೇ ಹೋಯಿತಂತೆ. ಮಾರನೆಯ ದಿನ ಅಂಗಡಿ ಮುಚ್ಚಿ ಒಬ್ಬನೇ ಸಂತೇಬೆನ್ನೂರಿಗೆ ಹೋದ. ಅಂಗಿಯೂ ವಿಭೂತಿಯೂ ಮಾತ್ರ ತನ್ನವು, ಮನುಷ್ಯರು ನಿಜದವರು ಎಂದು ರುದ್ರಪ್ಪಜ್ಜನ ಕಾಲು ಮುಟ್ಟಿ ಹೇಳಿದ. ಅವರು ಅವನ ಬೆನ್ನು ತಟ್ಟಿ, "ನೀ ದೊಡ್ಡ ಕಲಾವಿದ ಕಣಪ್ಪ, ನಮ್ಮಪ್ಪನ್ನೇ ಎದ್ದು ಬರೋ ಹಂಗೆ ಮಾಡಿದ್ದೀಯ" ಎಂದು ಕಳಿಸಿದರಂತೆ.

ಚನ್ನಗಿರಿಯ ವಕೀಲರೊಬ್ಬರ ಹತ್ತಿರ ನಾನು ತಿಪ್ಪಮ್ಮನನ್ನು ಕರೆದುಕೊಂಡು ಹೋದೆ. ಅವರು ರಕ್ತಪರೀಕ್ಷೆಯ ದಾರಿ ಹೇಳಿದರು. ಅದಕ್ಕೆ ಅಣ್ಣನ ರಕ್ತ ಬೇಕು. ಅಣ್ಣ ಒಪ್ಪಲಿಲ್ಲ. ಒಪ್ಪಿಸಲು ಕೋರ್ಟಿಗೆ ಹೋಗಬೇಕು ಎಂದರು. ಮರುವಾರ ಅವಳು ಮೆಕ್ಕೆಜೋಳದ ಕಳೆ ತೆಗೆಯುವ ಕೂಲಿಗೆ ಹೋಗಿದ್ದಳು, ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ. ಆ ಮಳೆಗಾಲದ ಕೊನೆಗೆ ನಾನು ಸ್ಟುಡಿಯೋಗೆ ಹೋಗುವುದನ್ನು ಬಿಟ್ಟೆ. ಚಳಿಗಾಲದಲ್ಲಿ ಪತ್ರಿಕೆ ದಾವಣಗೆರೆಯ ಕಚೇರಿಗೆ ಕರೆಯಿತು. ಓದುಗರು ಕಳಿಸುವ ಚಿತ್ರಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡಿ ಹೇಳುವ ಕೆಲಸ.

ಮರುವರ್ಷ ಬೇಸಿಗೆಯಲ್ಲಿ ಶ್ರದ್ಧಾಂಜಲಿಯ ಜಾಹೀರಾತುಗಳ ಪುಟ ನನ್ನ ಮೇಜಿನ ಮೇಲೆ ಹಾದುಹೋಯಿತು. ಎರಡನೇ ಸಾಲಿನಲ್ಲಿ ಮಹೇಶ ಇದ್ದ. ಪ್ರಥಮ ವರ್ಷದ ಪುಣ್ಯಸ್ಮರಣೆ. ಕೆಳಗೆ ಅಣ್ಣ, ಅತ್ತಿಗೆ ಮತ್ತು ಬಂಧುಬಳಗ. ಬಿಳಿ ಅಂಗಿ, ಮೂರು ಪಟ್ಟೆ, ಹಿಂದೆ ಹೊಂಡದ ಮಂಟಪದ ಒಂದು ಕಂಬ. ಪಕ್ಕದಲ್ಲಿದ್ದವಳನ್ನು ಕತ್ತರಿಸಿದ್ದರು. ಹೆಗಲ ಮೇಲಿದ್ದ ಮಗುವನ್ನು ಅಳಿಸಿದ್ದರು. ಅಳಿಸಿದ್ದು ಹಾಲೇಶಪ್ಪ ಅಲ್ಲ. ಅವನಾಗಿದ್ದರೆ ತಲೆಗೂದಲ ನಡುವೆ ನಾಲ್ಕು ಪುಟ್ಟ ಬೆರಳುಗಳನ್ನು ಉಳಿಸುತ್ತಿರಲಿಲ್ಲ. ಇದ್ದವರನ್ನು ತೆಗೆಯುವಂತಿಲ್ಲ ಎಂಬ ನಿಯಮ ಸುದ್ದಿಯ ಚಿತ್ರಗಳಿಗೆ ಮಾತ್ರ, ಜಾಹೀರಾತಿಗೆ ಅನ್ವಯಿಸುವುದಿಲ್ಲ. ಪುಟ ಅಚ್ಚಿಗೆ ಹೋಯಿತು.

ನಲ್ಲೂರಿನಿಂದ ಬಂದ ವಾರವೇ ಜಗಳೂರಿಗೆ ಹೋಗಿ ತಿಪ್ಪಮ್ಮನನ್ನು ಕಂಡೆ. ಗೋಡೆಯ ಮೇಲೆ ಮೊಳೆ ಇತ್ತು, ಫೋಟೋ ಇರಲಿಲ್ಲ. ನೀಲಿ ಅಂಗಿಯ ಆ ಫೋಟೋವನ್ನು ಅವಳು ಜಗಳೂರಿನಲ್ಲೇ ಪ್ರಿಂಟ್ ಹಾಕಿಸಿ ತೂಗುಹಾಕಿದ್ದಳಂತೆ. ಒಂದು ದಿನ ಮಗಳು ಹೊರಗೆ ಆಡಿ ಬಂದು ಅದರ ಮುಂದೆ ನಿಂತು, "ಇದು ಕೂಡ್ಸಿದ್ದೇನವ್ವಾ?" ಎಂದು ಕೇಳಿದಳಂತೆ. ಸಂಜೆ ಇಳಿಸಿ ಟ್ರಂಕಿನಲ್ಲಿ ಹಾಕಿದಳಂತೆ.

ಮಗಳು ಈ ಜೂನ್‌ನಲ್ಲಿ ಊರಿನ ಶಾಲೆಗೆ ಒಂದನೇ ತರಗತಿಗೆ ಸೇರಿದ್ದಾಳೆ. ಹಾಜರಿಯಲ್ಲಿ ಅವಳ ಹೆಸರು ಸಿಂಚನ ಟಿ. ಟಿ ಎಂದರೆ ತಿಪ್ಪಮ್ಮ.